ಕೆಂಪು ದಾರದ ಹುಳು

"ಆ ಅನ್ನು! ಇನ್ನೂ ದೊಡ್ಡದಾಗಿ!"

ತಮ್ಮ ಬಾಯಿ ತೆರೆದ. ಚೂಟಿ ಬಗ್ಗಿ ಒಳಗೆ ಇಣುಕಿದಳು. ನಾಲಿಗೆ ಇತ್ತು, ಹಲ್ಲುಗಳಿದ್ದವು, ಹಲ್ಲಿಗೆ ಅಂಟಿದ ಬಿಸ್ಕತ್ತಿನ ಚೂರೂ ಇತ್ತು. ಹುಳು ಮಾತ್ರ ಇರಲಿಲ್ಲ.

"ಜೇಬು ತೋರಿಸು."

ಜೇಬಿನಲ್ಲಿ ಎರಡು ಗುಂಡಿ ಸಿಕ್ಕವು, ಅಷ್ಟೆ.

"ನಾನು ತಗೊಂಡಿಲ್ಲ ಅಕ್ಕಾ," ಎಂದ ತಮ್ಮ. ಅವನಿಗಿನ್ನೂ ನಾಲ್ಕು ವರ್ಷ. ಕಣ್ಣಲ್ಲಿ ಆಗಲೇ ನೀರು ತುಂಬಿತ್ತು. "ನಂಗೆ ಹುಳ ಅಂದ್ರೆ ಭಯ."

ಹಾಗಾದರೆ ಕೆಂಪು ಎಲ್ಲಿ ಹೋಯಿತು? ಹಳದಿ ಎಲ್ಲಿ ಹೋಯಿತು?

ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಂಗಡಿಯ ಬಾಗಿಲ ಪಕ್ಕದ ಕುಂಡದಲ್ಲಿ ಚೂಟಿ ಬೆಳೆಸಿದ ನಿಂಬೆ ಗಿಡವಿತ್ತು. ಅದರಲ್ಲಿ ಐದು ಹಸಿರು ಹುಳುಗಳು ಬಂದಾಗ ಚೂಟಿಗೆ ಹಿಡಿಸಲಾರದಷ್ಟು ಸಂತೋಷವಾಗಿತ್ತು. ಅಮ್ಮನ ಡಬ್ಬಿಯಿಂದ ಐದು ಬಣ್ಣದ ದಾರ ತಂದು, ಒಂದೊಂದು ಹುಳುವಿನ ಕೊಂಬೆಗೆ ಒಂದೊಂದು ಕಟ್ಟಿದ್ದಳು. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು.

ಶಾಲೆಯ ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆದಿದ್ದಳು. ಪ್ರತಿ ಸಾಲಿನ ಕೊನೆಗೆ 'ಹಾರಿದ ದಿನ' ಎಂದು ಖಾಲಿ ಜಾಗ. "ಐದೂ ಚಿಟ್ಟೆ ಆಗತ್ತೆ, ನೋಡ್ತಾ ಇರಿ," ಎಂದು ಇಡೀ ಕ್ಲಾಸಿನ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. ತಿಂಗಳ ಕೊನೆಗೆ ಮಿಸ್ ನೋಟ್‌ಬುಕ್ ನೋಡುತ್ತಾರೆ. ಈಗ ಕೆಂಪಿನ ಮುಂದೆ ಒಂದು ತಪ್ಪು ಗುರುತು, ಹಳದಿಯ ಮುಂದೆ ಇನ್ನೊಂದು.

"ಚೂಟಿ," ಮೆಷಿನ್ ತುಳಿಯುವುದನ್ನು ನಿಲ್ಲಿಸಿ ಅಮ್ಮ ಕರೆದಳು. "ಪಾಪ, ಅವನನ್ನ ಬಿಡು. ಕಳ್ಳಿ ಅಗೋ, ಅಲ್ಲಿದಾಳೆ."

ಒಂದು ಗುಬ್ಬಿ ಬೀದಿಯ ಕಡೆಯಿಂದ ಭರ್ರನೆ ಹಾರಿಬಂದು ಅಂಗಡಿಯ ಬೋರ್ಡಿನ ಹಿಂದೆ ನುಗ್ಗಿತು. ಅದರ ಕೊಕ್ಕಿನಲ್ಲಿ ಬೇರೆ ಯಾವುದೋ ಬಡಪಾಯಿ ಹುಳು ಜೋತಾಡುತ್ತಿತ್ತು.

ಚೂಟಿಗೆ ಪಿತ್ತ ನೆತ್ತಿಗೇರಿತು. "ಆ ಗೂಡನ್ನೇ ಕಿತ್ತು ಬಿಸಾಕ್ತೀನಿ!"

"ಸ್ಟೂಲ್ ಅಲ್ಲಿದೆ," ಎಂದಳು ಅಮ್ಮ. "ಮೊದಲು ನೋಡು. ಆಮೇಲೆ ಕೀಳು."

ಚೂಟಿ ಪೊರಕೆ ಹಿಡಿದು ಸ್ಟೂಲ್ ಹತ್ತಿದಳು. ಬೋರ್ಡಿನ ಹಿಂದೆ ಹುಲ್ಲು, ನೂಲು, ಅಮ್ಮ ಕತ್ತರಿಸಿ ಎಸೆದ ಬಟ್ಟೆಯ ಚೂರು. ಅದರ ನಡುವೆ ಮೂರು ಮರಿಗಳು. ಪುಕ್ಕವೇ ಇಲ್ಲ. ಅವಳ ನೆರಳು ಬಿದ್ದದ್ದೇ ತಡ, ಮೂರೂ ಕತ್ತೆತ್ತಿ ಬಾಯಿ ತೆರೆದವು. ಇನ್ನೂ ದೊಡ್ಡದಾಗಿ ತೆರೆದವು.

ಚೂಟಿ ಸದ್ದಿಲ್ಲದೆ ಕೆಳಗಿಳಿದಳು. ಪೊರಕೆಯನ್ನು ಮೂಲೆಗೆ ಇಟ್ಟಳು. ಆದರೆ ಹುಳುಗಳನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

"ಗುಬ್ಬಿ ಬೇರೆ ಕಡೆ ಹುಡುಕ್ಕೊಳ್ಳಲಿ," ಎಂದು ಸೊಳ್ಳೆಪರದೆಯ ಬಟ್ಟೆ ತೆಗೆದುಕೊಂಡಳು. ಸಂಜೆಯ ಹೊತ್ತಿಗೆ ಇಡೀ ಗಿಡಕ್ಕೆ ಒಂದು ಚೀಲ ಸಿದ್ಧವಾಯಿತು, ಬುಡದಲ್ಲಿ ಎಲಾಸ್ಟಿಕ್ ಸಮೇತ. ಅಮ್ಮ ಹೊಲಿಗೆಯನ್ನು ಎಳೆದು ನೋಡಿದಳು. "ನನ್ನ ಮಗಳು ಅನ್ನಬಹುದು. ಇರುವೆನೂ ಒಳಗೆ ಹೋಗಲ್ಲ."

ಮರುದಿನ ಗುಬ್ಬಿ ಬಂತು. ಪರದೆಯ ಮೇಲೆ ಕೂತು ಕುಕ್ಕಿತು. ಹೋಯಿತು, ಮತ್ತೆ ಬಂತು. ಆ ಬೀದಿಯಲ್ಲಿ ಎಲ್ಲ ಕಡೆ ಸಿಮೆಂಟು. ಬೇರೆ ಗಿಡ ಇದ್ದದ್ದು ತಿರುವಿನಾಚೆ. ಗುಬ್ಬಿ ಬಹಳ ಹೊತ್ತು ಕಾಣಿಸದೆ, ಕೊನೆಗೆ ಒಣಗಿದ ಬ್ರೆಡ್ಡಿನ ಚೂರು ಕಚ್ಚಿಕೊಂಡು ಬರುತ್ತಿತ್ತು. ಬೋರ್ಡಿನ ಹಿಂದಿನ ಚಿಲಿಪಿಲಿ ಮೊದಲು ಜೋರಾಯಿತು. ಮೂರನೇ ದಿನ ಮೆಲ್ಲಗಾಯಿತು. ಚೂಟಿ ಅದನ್ನು ಕೇಳಿಸಿಕೊಳ್ಳದವಳ ಹಾಗೆ ಹೋಮ್‌ವರ್ಕ್ ಮಾಡಿದಳು. ಒಂದೇ ಲೆಕ್ಕ ಮೂರು ಸಲ ತಪ್ಪಾಯಿತು.

ಅಂದು ಸಂಜೆ ಪರದೆಯೊಳಗೆ ಇಣುಕಿದಳು. ನೀಲಿ, ಬಿಳಿ, ಕಪ್ಪು ಮೂರೂ ಬೆರಳಿನಷ್ಟು ದಪ್ಪವಾಗಿದ್ದವು. ಗಿಡ ಬೋಳಾಗಿತ್ತು. ಎಣಿಸಿದಳು: ಉಳಿದದ್ದು ಹನ್ನೊಂದು ಎಲೆ.

"ಅಮ್ಮಾ! ಇಷ್ಟೊಂದು ಎಲೆ ತಿಂದು ಇಷ್ಟೇ ಇಷ್ಟು ಹುಳು ಆಗೋದಾ?"

"ತಿಂದದ್ದೆಲ್ಲ ಮೈಗೆ ಹತ್ತುತ್ತಾ? ನಿನ್ನ ತಮ್ಮನ್ನ ನೋಡು. ಎಷ್ಟು ಹಾಕಿದ್ರೂ ಓಡಿ, ಕುಣಿದು, ಕಿರುಚಿ ಮುಗಿಸ್ತಾನೆ. ಮೈಗೆ ಸೇರೋದು ಒಂದು ಚೂರು."

ತಮ್ಮ ಹೊಗಳಿಕೆ ಎಂದುಕೊಂಡು ಇನ್ನೂ ಎರಡು ಸುತ್ತು ಕುಣಿದ. ಆಮೇಲೆ ಬಂದು ಪರದೆಗೆ ಮೂಗು ಒತ್ತಿದ.

"ಅಕ್ಕಾ, ಮರಿ ಹುಳ ತಿನ್ನತ್ತೆ. ಹುಳ ಎಲೆ ತಿನ್ನತ್ತೆ. ಎಲೆ ಏನು ತಿನ್ನತ್ತೆ?"

"ಎಲೆ ತಿನ್ನಲ್ಲ ಕಣೋ, ಅಡುಗೆ ಮಾಡ್ಕೊಳ್ಳತ್ತೆ. ಬಿಸಿಲಲ್ಲಿ."

"ಹಂಗಾದ್ರೆ ಮರಿ ಹೊಟ್ಟೇಲಿ ಬಿಸಿಲಿದ್ಯಾ?"

ಚೂಟಿ ನಗಲು ಬಾಯಿ ತೆರೆದಳು. ನಗು ಬರಲಿಲ್ಲ. ಬೋರ್ಡಿನ ಹಿಂದಿನಿಂದ ತೀರಾ ಸಣ್ಣ ದನಿ ಕೇಳಿತು.

ಅವಳು ಅಮ್ಮನ ಕತ್ತರಿ ತಂದಳು. ಅಷ್ಟು ಚೆನ್ನಾಗಿ ಹಾಕಿದ ಹೊಲಿಗೆಯನ್ನು ತಾನೇ ಕತ್ತರಿಸಿದಳು. ಉಳಿದ ಎಲೆಗಳಲ್ಲಿ ಹೆಚ್ಚಿನವು ನೀಲಿ ದಾರದ ಕೊಂಬೆಯಲ್ಲಿದ್ದವು, ಒಂದು ಹುಳುವಿಗಷ್ಟೇ ಸಾಕಾಗುವಷ್ಟು. ಆ ಕೊಂಬೆಗೆ ಮಾತ್ರ ಪುಟ್ಟ ಚೀಲ ತೊಡಿಸಿದಳು. ಹೊರಗೇ ಉಳಿದ ಬಿಳಿ, ಕಪ್ಪು ಹುಳುಗಳ ಬೆನ್ನನ್ನು ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ಒಳಗೆ ಹೋಗಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಮ್ಮ ತಲೆ ನೇವರಿಸುತ್ತ ಕೂತಳು. ಆ ಸಂಜೆ ಯಾರದೋ ಅಂಗಿಯ ಕಾಲರ್ ಅರ್ಧಕ್ಕೇ ನಿಂತಿತು.

ಬೆಳಿಗ್ಗೆ ಬಿಳಿಯೂ ಇರಲಿಲ್ಲ, ಕಪ್ಪೂ ಇರಲಿಲ್ಲ. ಬೋರ್ಡಿನ ಹಿಂದೆ ಮಾತ್ರ ಸಂತೆಯಷ್ಟು ಗಲಾಟೆ.

ಹತ್ತು ದಿನ ಕಳೆಯಿತು. ಗಿಡದಲ್ಲಿ ಹೊಸ ಚಿಗುರು ಬಂತು. ನೀಲಿ ಹುಳು ಕೋಶ ಕಟ್ಟಿಕೊಂಡು ಕೊಂಬೆಗೆ ಅಂಟಿ ಕೂತಿತ್ತು. ಯಾವಾಗ ಹಾರುತ್ತದೋ ಗೊತ್ತಿಲ್ಲ. ನೋಟ್‌ಬುಕ್ ತೋರಿಸುವ ದಿನ ಬಂದೇಬಿಟ್ಟಿತು. 'ಹಾರಿದ ದಿನ' ಎಂಬ ಜಾಗದಲ್ಲಿ ನಾಲ್ಕು ತಪ್ಪು ಗುರುತು, ಒಂದು ಖಾಲಿ. ಚೂಟಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಾಗಿಲಿಗೆ ಬಂದಳು.

"ಅಕ್ಕಾ, ಮೇಲೆ ನೋಡು!"

ಬೋರ್ಡಿನ ಅಂಚಿನಲ್ಲಿ ಒಂದು ಮರಿ ಕೂತಿತ್ತು. ಮೈತುಂಬ ಪುಕ್ಕ. ಮುಂದೆ ಬಾಗಿತು, ಹೆದರಿ ಹಿಂದೆ ಸರಿಯಿತು. ಮತ್ತೆ ಬಾಗಿತು. ಚೂಟಿ ಉಸಿರು ಬಿಗಿಹಿಡಿದಳು. ಮರಿ ದೊಪ್ಪನೆ ಕೆಳಗೆ ಬಿತ್ತು, ಇಲ್ಲ, ಬೀಳಲಿಲ್ಲ. ರೆಕ್ಕೆ ಬಡಿಯಿತು. ಬೆಳಗಿನ ಬಿಸಿಲಲ್ಲಿ ಬೀದಿ ದಾಟಿ ಎದುರು ಮನೆಯ ಗೋಡೆ ಮೇಲೆ ಹೋಗಿ ಕೂತಿತು.

ತಮ್ಮ ಚಪ್ಪಾಳೆ ತಟ್ಟಿದ. ಚೂಟಿ ಮೆಟ್ಟಿಲ ಮೇಲೆ ಕೂತು ಬ್ಯಾಗ್ ತೆರೆದಳು, ನೋಟ್‌ಬುಕ್ ಮತ್ತು ರಬ್ಬರ್ ತೆಗೆದಳು. ಕೆಂಪು ದಾರದ ಮುಂದಿನ ತಪ್ಪು ಗುರುತನ್ನು ಉಜ್ಜಿ ಉಜ್ಜಿ ಅಳಿಸಿದಳು. ಅಲ್ಲಿ ಅಂದಿನ ತಾರೀಖು ಬರೆದಳು.

ಆಮೇಲೆ ಹಳದಿಯ ಸಾಲಿನ ಮೇಲೆ ರಬ್ಬರ್ ಇಟ್ಟುಕೊಂಡು, ಬೋರ್ಡಿನ ಕಡೆ ನೋಡುತ್ತ, ಎರಡನೇ ಮರಿಗಾಗಿ ಕಾದಳು.