ಅಳಿಸಿದ್ದು ನೀನೇ ಅಲ್ವಾ, ಅಶ್ವಿತಾ?

"ನಿನ್ನನ್ನ ಯಾರು ಕರೆದದ್ದು ಇಲ್ಲಿಗೆ?"

ಸೆಕ್ಟರ್ ಫೈವ್‌ನ ತನ್ನ ಆಫೀಸಿನಲ್ಲಿ ಅರವಿಂದನನ್ನು ಕಂಡದ್ದೇ ತಡ, ಅಶ್ವಿತಾಳ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಮ್ಯಾನೇಜರ್. ವೆಬ್ ಸರ್ವರ್ ಏಳವಲ್ದು ಅಂದ್ರು. ಈ ಊರಾಗ ಇದ ನನ್ನ ಕಡೀ ಕೆಲಸ. ಸೋಮವಾರ ಪುಣೆಕ್ಕ ಹೊಂಟೀನಿ."

ಪುಣೆಗಾ?! ಎದೆ ಧಸಕ್ಕೆಂದಿತು. ಆದರೂ ಮುಖ ಮಾತ್ರ ಗಂಟು!

ದುರ್ಗಾಪೂಜೆಗೆ, ಇಲ್ಲಿಯವರ ಬಾಯಲ್ಲಿ ಪೂಜೋ ಹಬ್ಬಕ್ಕೆ, ಮೊದಲು ಗರಿಯಾಹಾಟ್‌ನ ಸೀರೆ ಅಂಗಡಿ ಎದುರು ಜಗಳವಾಗಿತ್ತು. ಮದುವೆ ಮಾತಾಡಲು ಸದರ್ನ್ ಅವೆನ್ಯೂನ ಅವಳ ಮನೆಗೆ ಬರಬೇಕಿದ್ದವನು, ಕೆಲಸವಿದೆ ಎಂದು ಮುಂದೂಡಿದ್ದ. "ಹಾಗಾದ್ರೆ ಇನ್ನು ಬರ್ಲೇಬೇಡ!" ಎಂದು ಕಿರುಚಿ ಅವಳು ಆಟೋ ಹತ್ತಿದ್ದಳು.

ಪುಣ್ಯಾತ್ಮ, ಬರಲೇ ಇಲ್ಲ! ಅಷ್ಟಮಿಗೂ ಇಲ್ಲ, ದೀಪಾವಳಿಗೂ ಇಲ್ಲ. ಇವಳಾದರೂ ಒಂದು ಫೋನು ಮಾಡಿದಳೇ? ಎಲ್ಲಿಯ ಮಾತು! ಕೋಪ ಮೂಗಿನ ತುದಿಯಲ್ಲೇ ಇರುವ ಹುಡುಗಿ.

"ಏನಾಗೇದ ಹೇಳು," ಅಂದ ಅವನು, ಸ್ಕ್ರೀನ್ ನೋಡುತ್ತ.

"ಸರ್ವರಿನ ಅಪಾಚೆ ಸಾಫ್ಟ್‌ವೇರ್ ಕೆಟ್ಟಿತ್ತು. ತೆಗೆದು ಪುನಃ ಹಾಕಿದೆ. ಬೆಳಿಗ್ಗೆಯಿಂದ ಹಾಕಿದ್ದೇ ಹಾಕಿದ್ದು! ಕಾನ್ಫಿಗ್ ಫೈಲೇ ಇಲ್ಲ ಅಂತದೆ."

"ಫೈಲು ಎಲ್ಲಿ ಹೋತು?"

"ನಾನೇ ಡಿಲೀಟ್ ಮಾಡಿದ್ದು, ಇಡೀ ಫೋಲ್ಡರ್! ಸಿಟ್ಟು ಬಂತು, ಎಂತ ಮಾಡ್ಲಿ? ಹೊಸದಾಗಿ ಹಾಕಿದ್ರೆ ಬರ್ತದೆ ಅಂದ್ಕೊಂಡೆ."

ಅವನ ತುಟಿಯಲ್ಲಿ ನಗು!

"ನಗ್ಬೇಡ! ಸರಿ ಮಾಡಿ ಹೋಗು."

"ತಾನಾಗೇ ಬರಂಗಿಲ್ಲ, ಅಶ್ವಿತಾ. ನೀ ಕೈಯಾರೆ ಅಳಿಸಿದ್ದು. ಬ್ಯಾಡಂತನ ತೆಗದಾರ ಅಂತ ತಿಳಕೊಂಡು ಅದು ಸುಮ್ನ ಇರ್ತದ. ಹೋದದ್ದನ್ನ ವಾಪಸ್ ಕೊಡು ಅಂತ ಬಿಡಿಸಿ ಹೇಳಬೇಕು."

"ಎಂಥ ದಡ್ಡ ಸಿಸ್ಟಮ್ ಮಾರಾಯ! ಸಿಟ್ಟಲ್ಲಿ ಮಾಡಿದ್ದನ್ನ ಯಾರಾದ್ರೂ ನಿಜ ಅಂತ ತಗೊಳ್ತಾರಾ?"

"ನಾ ತಗೊಂಡೆ."

ಅಶ್ವಿತಾ ಸ್ಕ್ರೀನ್ ಬಿಟ್ಟು ಅವನ ಮುಖ ನೋಡಿದಳು.

"ಜಗಳ ಆದ ಮರು ಭಾನುವಾರ ನಿಮ್ಮ ಗೇಟಿನ ತನಕ ಬಂದಿದ್ದೆ. ಬರಬ್ಯಾಡ ಅಂದಾಕಿ ಮನಿ ಬೆಲ್ ಹೆಂಗ ಒತ್ತಲಿ?"

ಬಂದಿದ್ದನಾ... ತಾನು ಒಳಗೆ ಕೂತು ಅತ್ತ ಭಾನುವಾರ?

"ಒತ್ತಬೇಕಿತ್ತು! ನೀನು ಬರ್ತಿ ಅಂತ ಕಾದು ಕಾದು ಸಾಕಾಯ್ತು ನಂಗೆ!"

"ನೀ ಒಂದು ಫೋನ್ ಮಾಡಬೇಕಿತ್ತು!"

ಅವನು ಪಟಪಟನೆ ಕಮಾಂಡ್ ಕುಟ್ಟಿದ. ಕಳೆದುಹೋದ ಫೈಲುಗಳು ಬಂದವು, ಸರ್ವರ್ ಎದ್ದಿತು. ಅವನೂ ಎದ್ದ, ಬ್ಯಾಗ್ ಹೆಗಲಿಗೇರಿಸಿ ಲಿಫ್ಟಿನ ಕಡೆ ನಡೆದೇಬಿಟ್ಟ.

ಹೋಗಲಿ ಬಿಡು ಎಂದಿತು ಹಟ. ಅವನು ಹೋದರೆ ನೀನು ಸತ್ತೇಹೋಗ್ತೀಯ ಎಂದಿತು ಮನಸ್ಸು.

"ಅರವಿಂದ! ಪುಣೆಗೆ ಹೋಗ್ಬೇಡ... ಮನೆಗೆ ಬಾ. ನೀನಿಲ್ಲದೆ ನಂಗೆ ಆಗುದಿಲ್ಲ!"

ಅವನು ತಿರುಗಿದ. ಕಣ್ಣು ತುಂಬಿತ್ತು.

"ಸಿಟ್ಟಿಲೆ ಅನ್ನಾಕತ್ತೀಯೋ, ಖರೇನೋ?"

"ಸಿಟ್ಟಲ್ಲೇ! ಅದು ಇಳಿಯುವವರೆಗೆ ಕಾದ್ರೆ ನೀನು ಪುಣೆ ಸೇರಿರ್ತಿ."

"ಹೋಗಂಗಿಲ್ಲ. ಇವತ್ತ ಮನಿಗೆ ಬರ್ತೀನಿ."

"ಅಮ್ಮ ಚೆನ್ನಾಗಿ ಬೈತಾರೆ."

"ಬೈಸ್ಕೋತೀನಿ," ಅಂದ ಅವನು, ಅವಳ ಕೈ ಹಿಡಿದು. "ನೀ ನನ್ನ ಬಾಜೂಕ ಕೂಡು."