ಎಂಟನೇ ಉದಾಹರಣೆ

"ಇದೇನ್ರೀ ಇದು?!"

ಉಪಸಂಪಾದಕಿ ಚೀಟಿಯೊಂದನ್ನು ಕರಡು ತಿದ್ದುವವನ ಮೇಜಿಗೆ ಎಸೆದಳು. ಹಳೆಯ ಇಂಗ್ಲಿಷ್ ಪದಗಳ ನಿಘಂಟು ಸಿದ್ಧಪಡಿಸುತ್ತಿದ್ದ ಆ ಕಚೇರಿಯಲ್ಲಿ ಆರು ತಲೆಗಳು ಒಟ್ಟಿಗೇ ಎದ್ದವು. ಬೆನ್ನ ಹಿಂದೆ ಅವಳನ್ನು 'ಕೆಂಪು ಶಾಯಿ' ಎಂದು ಕರೆಯುತ್ತಿದ್ದ ಪುಕ್ಕಲರಿಗೆ ಇದು ಬಿಟ್ಟಿ ನಾಟಕ.

"ಟ್ಯಾರಿ ಅನ್ನೋ ಪದ, ಮೇಡಂ. ಹೊರಡದೆ ಕಾದು ನಿಲ್ಲು ಅಂತ ಅರ್ಥ..."

"ಅರ್ಥ ಗೊತ್ತು! ಉದಾಹರಣೆ ಓದಿ."

"ಅವಳ ಕೊಡೆ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಬಾಗಿಲಲ್ಲೇ ಟ್ಯಾರಿ ಮಾಡಿದ."

"ಯಾವ ಪುಸ್ತಕದ್ದು?"

"ನಾನೇ ಬರೆದಿದ್ದು..."

"ಥೂ! ಸ್ವಂತ ವಾಕ್ಯ ನಡೆಯಲ್ಲ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಅಚ್ಚಾದ ಪುಸ್ತಕ ಬೇಕು, ಇಲ್ಲಾ ನಿಜವಾಗಿ ಅಂಚೆಗೆ ಹಾಕಿದ ಕಾಗದ ಬೇಕು. ಇದು ಏಳನೇ ಚೀಟಿ! ಶುಕ್ರವಾರದೊಳಗೆ ಹೊಸ ಬಳಕೆ ಸಿಗದಿದ್ರೆ ಪದವೂ ಹೊರಗೆ, ನೀವೂ ಹೊರಗೆ!"

'ನನ್ನನ್ನು ಆಡಿಕೊಳ್ಳೋಕೇ ಬರೀತಾನೆ... ಸೊಟ್ಟ ಕಾಲರಿನ ಮಹಾಕವಿ!' ಎಂದು ಹಲ್ಲು ಕಡಿಯುತ್ತಾ ಅವಳು ಏಳನೆಯದನ್ನೂ ತನ್ನ ಡ್ರಾಯರಿಗೆ ಸೇರಿಸಿದಳು. ಉಳಿದ ಆರೂ ಅಲ್ಲೇ ಇದ್ದವು. ಯಾರಾದರೂ ಕೇಳಿದ್ದರೆ ಕಡತಕ್ಕೆ ಎನ್ನುತ್ತಿದ್ದಳು. ಕಡತವಂತೆ!

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಅವಳ ಅಮ್ಮ ಲಕೋಟೆಯೊಂದನ್ನು ತಂದುಕೊಟ್ಟರು.

"ನಿನಗೆ ಕಾಗದ ಬರೆಯೋ ಧೈರ್ಯ ಯಾರಿಗಿದೆಯೇ?"

ಇಂಗ್ಲಿಷಿನಲ್ಲಿ ಮೂರೇ ಸಾಲು.

'ಮೂರು ವರ್ಷದಿಂದ ದಿನಾ ಸಂಜೆ ನಿಮ್ಮ ಮೇಜಿನ ದೀಪ ಆರುವವರೆಗೂ ನಾನು ಟ್ಯಾರಿ ಮಾಡಿದ್ದೇನೆ. ಚೀಟಿಯಲ್ಲಿ ಬರೆದ ಅವನು ನಾನು, ಅವಳು ನೀವು. ನಿಮ್ಮನ್ನು ಪ್ರೀತಿಸುತ್ತೇನೆ.'

ಕೆಳಗೆ ತಾರೀಖು, ಸಹಿ. ಲಕೋಟೆಯ ಮೇಲೆ ಅಂಚೆಯ ಮುದ್ರೆ. ನಿಯಮದ ಪ್ರಕಾರ ಒಂದಿಷ್ಟೂ ಕೊರತೆ ಇರಲಿಲ್ಲ.

ಊರಿನವರನ್ನೆಲ್ಲ ದಡ್ಡರೆಂದು ಜರೆದ ಬಾಯಿ ಮೊದಲ ಸಲ ತನ್ನನ್ನೇ ಜರೆಯಿತು. 'ಏಳು ಸಲ ಕೆಂಪು ಗೀಟು ಎಳೆದೆನಲ್ಲ... ಪಾಪಿ ನಾನು!'

ಕಚೇರಿಯಲ್ಲಿ ಅವನು ಮೇಜು ಖಾಲಿ ಮಾಡುತ್ತಿದ್ದ. ಆರು ತಲೆಗಳು ಮತ್ತೆ ಎದ್ದವು.

"ನಿಮಗೆಲ್ಲ ಮಾಡೋಕೆ ಕೆಲಸ ಇಲ್ವಾ?" ಎಂದು ಅವಳು ಗದರಿದಳು. ತಲೆಗಳು ತಗ್ಗಿದವು.

"ಎಂಟನೇ ಉದಾಹರಣೆ ಒಪ್ಪಿಗೆ ಆಯ್ತು," ಎಂದಳು ಅವನಿಗೆ. "ಪದ ಉಳೀತು."

"ಬರೆದವನು... ಹೊರಡಬೇಕಾ ಮೇಡಂ?"

ಅವಳು ಕೈ ಚಾಚಿ ಅವನ ಸೊಟ್ಟ ಕಾಲರನ್ನು ಸರಿಮಾಡಿದಳು. ಕಣ್ಣು ತುಂಬಿ ಬಂದಿತ್ತು.

"ನಿಮ್ಮ ಏಳೂ ಚೀಟಿ ನನ್ನ ಹತ್ರಾನೇ ಇವೆ ಕಣ್ರೀ, ಪೆದ್ದು!"

"ಹಾಗಾದ್ರೆ ಸಂಜೆ ಬಾಗಿಲಲ್ಲಿ ಕಾಯಲಾ?"

"ಬೇಡ," ಎಂದಳು. "ಇವತ್ತು ಜೊತೆಗೇ ಹೋಗೋಣ."