ಸಿಲಿಂಡರಿನ ಅಂಗಿ

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಅವಳ ಅಪಾರ್ಟ್‌ಮೆಂಟಿನ ಅಡುಗೆಕೋಣೆಗೆ ಬೆಂಕಿ ಬಿದ್ದಿತ್ತು. ಬೆಂಕಿ ಆರಿಸುವ ಸಿಲಿಂಡರ್ ತರಲು ಗಂಡ ಮೆಟ್ಟಿಲ ಬಳಿ ಓಡಿದರೆ, ಗೋಡೆಯಲ್ಲಿ ಕೊಕ್ಕೆ ಮಾತ್ರ ಇತ್ತು. ಅವನು ಬರಿಗೈಯಲ್ಲೇ ಬೆಂಕಿ ಬಡಿದ.

“ನಮ್ಮನೆಯವ್ರು ಟೈಲರ್ ಸಾರ್. ಎರಡೂ ಕೈ ಸುಟ್ಟಿದೆ. ಇನ್ನು ಸೂಜಿ ಹಿಡಿಯೋದು ಅನುಮಾನ ಅಂದ್ರು ಡಾಕ್ಟ್ರು.”

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಅವಳನ್ನೂ ಕರೆದುಕೊಂಡು ಪಂಚನಾಮೆಗೆ ಹೊರಟರು. ಹೋಗಿ ನೋಡಿದರೆ ಕೊಕ್ಕೆಯಲ್ಲಿ ಸಿಲಿಂಡರ್ ಠೀವಿಯಿಂದ ನೇತಾಡುತ್ತಿದೆ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದರು. ಪಕ್ಕದಲ್ಲೇ, ಗಾಜಿನ ಚೌಕಟ್ಟಿನೊಳಗೆ, ಅಗ್ನಿಶಾಮಕ ಪರವಾನಗಿ.

“ಮೊದಲಿಂದ್ಲೂ ಇಲ್ಲೇ ಇದೆ ಸಾರ್. ಗಾಬರೀಲಿ ಅವರಿಗೆ ಕಾಣಲಿಲ್ಲ, ಪಾಪ,” ಎಂದ ಕಟ್ಟಡದ ಮ್ಯಾನೇಜರ್.

ಪಾಪವಂತೆ! ಹೆಂಗಸು ಸಿಡಿದಳು. “ಬಾಯಲ್ಲಿ ಹುಳ ಬೀಳತ್ತೆ ನಿಂಗೆ! ಫೈರ್ ಆಫೀಸಿನವ್ರು ತಪಾಸಣೆಗೆ ಬರ್ತಾರೆ, ಚೆನ್ನಾಗಿ ಕಾಣ್ಲಿ ಅಂತ ನಮ್ಮನೆಯವ್ರ ಕೈಲಿ ಸಿಲಿಂಡರಿಗೆ ಅಂಗಿ ಹೊಲಿಸಿದ್ದು ನೀನೇ ತಾನೆ? ನಮ್ಮ ಪರದೇಲಿ ಉಳಿದ ಬಟ್ಟೆ ಅದು. ಎಲ್ಲಿ ಅಂಗಿ? ಇದು ರಾತ್ರೋರಾತ್ರಿ ಎಲ್ಲಿಂದ್ಲೋ ತಂದು ಸಿಗಿಸಿದ ಬೋಳು ಸಿಲಿಂಡರ್!”

ಅವಳ ಅಡುಗೆಕೋಣೆಯ ಕಿಟಕಿಯಲ್ಲಿ ಅರ್ಧ ಸುಟ್ಟ ಪರದೆ ಉಳಿದಿತ್ತು. ಹಳದಿ ಬಟ್ಟೆ, ನೀಲಿ ಹಕ್ಕಿಗಳು. ಇನ್‌ಸ್ಪೆಕ್ಟರ್ ಒಂದು ತುಂಡು ಜಪ್ತಿ ಮಾಡಿದರು.

ಅದೇ ಮ್ಯಾನೇಜರ್ ನೋಡಿಕೊಳ್ಳುತ್ತಿದ್ದ ಇನ್ನೂ ಮೂರು ಕಟ್ಟಡಗಳಿಗೆ ಹೋಗಿದ್ದ ಕಾನ್‌ಸ್ಟೇಬಲ್ ಮಧ್ಯಾಹ್ನ ಮರಳಿದಳು.

“ಮೂರರಲ್ಲೂ ಪರವಾನಗಿ ಇದೆ ಸಾರ್, ಸಿಲಿಂಡರ್ ಇಲ್ಲ. ತಪಾಸಣೆ ದಿನ ಟೆಂಪೋದಲ್ಲಿ ಬರ್ತವಂತೆ. ಮುಗಿದ ಮೇಲೆ ಮುಂದಿನ ಕಟ್ಟಡಕ್ಕೆ ಹೋಗ್ತವಂತೆ. ವಾಚ್‌ಮನ್ ಹೇಳಿಕೆ ಕೊಟ್ಟಿದ್ದಾನೆ.”

ಇದ್ದದ್ದು ಒಂದೇ ಸೆಟ್! ನಾಲ್ಕು ಕಟ್ಟಡಗಳ ಜನ ಬರೀ ಕೊಕ್ಕೆ ನಂಬಿ ಮಲಗುತ್ತಿದ್ದರು. ಹೋದಲ್ಲೆಲ್ಲ ಅದೇ ಹಕ್ಕಿಯ ಅಂಗಿ ಕಂಡರೂ ಸಹಿ ಹಾಕಿ ಹೋದ ಮಹಾನುಭಾವರಿಗೆ ಕಣ್ಣೇ ಇರಲಿಲ್ಲವೇ? ಅವರಿಗೂ ನೋಟಿಸ್ ಹೋಯಿತು.

ಸಂಜೆ ಮ್ಯಾನೇಜರನ ಮನೆ ಶೋಧಿಸಿದರು. ಅಡುಗೆಕೋಣೆಯ ಬಾಗಿಲ ಪಕ್ಕ, ಕೈಗೆ ಸಿಗುವ ಎತ್ತರದಲ್ಲಿ, ಹಳದಿ ಅಂಗಿ ತೊಟ್ಟ ಸಿಲಿಂಡರ್. ಕಾನ್‌ಸ್ಟೇಬಲ್ ಪರದೆಯ ತುಂಡನ್ನು ಅದರ ಪಕ್ಕ ಹಿಡಿದಳು.

“ಏನ್ರಿ ಇದು?” ಎಂದರು ಇನ್‌ಸ್ಪೆಕ್ಟರ್.

“ಅಲ್ಲೆಲ್ಲಾ ಎಲ್ಲಿ ಬೆಂಕಿ ಬೀಳತ್ತೆ ಬಿಡಿ ಅಂದ್ಕೊಂಡಿದ್ದೆ ಸಾರ್.”

“ಮತ್ತೆ ಇಲ್ಲಿ ಯಾಕಿದೆ?”

“ಇಲ್ಲಿ ನನ್ನ ಮಕ್ಕಳಿದ್ದಾರಲ್ಲ.”

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿದುಹೋಯಿತು. “ಬೇಡಿ ಹಾಕಮ್ಮ,” ಎಂದಷ್ಟೇ ಹೇಳಿದರು. ಬೆಂಕಿಯ ಭಯ ಆ ಮನುಷ್ಯನಿಗೂ ಇತ್ತು. ಸ್ವಂತ ಹೊಸ್ತಿಲಿನ ಆಚೆಗೆ ಅವನು ಅದನ್ನು ಯೋಚಿಸಿಯೇ ಇರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಟೈಲರ್ ಅಂಗಿಯನ್ನು ಗುರುತಿಸಿದ. “ನಂದೇ ಹೊಲಿಗೆ ಸಾರ್. ಅವಸರದ ಕೆಲಸ, ಆದ್ರೂ ಎಲ್ಲೂ ಬಿಟ್ಟಿಲ್ಲ ನೋಡಿ.”

ಗುರುತಿಸಿದ್ದಕ್ಕೆ ಸಹಿ ಬೇಕಿತ್ತು. ಬ್ಯಾಂಡೇಜಿನೊಳಗಿನ ಕೈಯಿಂದ ಹೆಬ್ಬೆಟ್ಟೂ ಒತ್ತಲಾಗಲಿಲ್ಲ. ಕೊನೆಗೆ ಹೆಂಡತಿಯೇ ಪೆನ್ನು ತೆಗೆದುಕೊಂಡಳು.